ಸುದ್ದಿ ಇಲ್ಲದ ಸೋಮವಾರ

ಕರಿಗುಡ್ಡದಹಳ್ಳಿಯ ಉಜ್ಜಿನಪ್ಪನವರು ದಿನಾ ಬೆಳಿಗ್ಗೆ ಐದೂವರೆಗೆ ತಂಬಿಗೆ ಹಿಡಿದು ಊರ ಹೊರಗಿನ ರಸ್ತೆಯ ತಿರುವಿಗೆ ಹೋಗುತ್ತಿದ್ದರು. ತಂಬಿಗೆ ಹಿಡಿದು ಹೊರಟವರನ್ನು ಎಲ್ಲಿಗೆ ಎಂದು ಕೇಳುವ ಅನಾಗರಿಕರು ನಮ್ಮ ಕಡೆ ಯಾರೂ ಇಲ್ಲ. ಹೀಗಾಗಿ ಹನ್ನೊಂದು ವರ್ಷಗಳಿಂದ ಆ ತಂಬಿಗೆಯಲ್ಲಿ ಒಂದು ಹನಿ ನೀರೂ ಇರುತ್ತಿರಲಿಲ್ಲ ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ.

ಕೂಡ್ಲಿಗಿಯಿಂದ ಗುಡೇಕೋಟೆಗೆ ಹೋಗುವ ಮೊದಲ ಬಸ್ಸು ಆ ತಿರುವಿನಲ್ಲಿ ಸ್ವಲ್ಪ ನಿಧಾನವಾಗುತ್ತಿತ್ತು. ಕಂಡಕ್ಟರು ಕಿಟಕಿಯಿಂದ ಸುರುಳಿ ಸುತ್ತಿದ ಒಂದು ಪತ್ರಿಕೆಯನ್ನು ಎಸೆಯುತ್ತಿದ್ದ. ಉಜ್ಜಿನಪ್ಪನವರು ಅದನ್ನು ಹೊದ್ದ ಶಾಲಿನೊಳಗೆ ತುರುಕಿಕೊಂಡು ಮನೆಗೆ ಬಂದು, ಅಗಳಿ ಹಾಕಿ, ಓದಿ, ಮುಖ್ಯವಾದದ್ದಕ್ಕೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ ಚೀಟಿಗೆ ಇಳಿಸಿಕೊಂಡು, ಏಳು ಗಂಟೆಗೆ ಸರಿಯಾಗಿ ಸಹಕಾರ ಸಂಘದ ಗೋಡೆಯ ಮೇಲಿದ್ದ ಕಪ್ಪು ಹಲಗೆಯ ಮುಂದೆ ಹಾಜರಾಗುತ್ತಿದ್ದರು. ಆ ಸಂಘದ ಗುಮಾಸ್ತರು ಅವರೇ. ಹಲಗೆಯ ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ ‘ಇಂದಿನ ಸುದ್ದಿ’ ಎಂದು ಬರೆದಿತ್ತು. ಅದರ ಕೆಳಗೆ ಅವರ ಮುತ್ತಿನಂಥ ಅಕ್ಷರಗಳು ಇಳಿಯುತ್ತಿದ್ದವು. ಪ್ರತಿ ಸುದ್ದಿಯೂ ‘ಎಂದು ತಿಳಿದುಬಂದಿದೆ’ ಎಂದೇ ಮುಗಿಯುತ್ತಿತ್ತು.

ಹೇಗೆ ತಿಳಿದುಬಂತು ಎಂದು ಮೊದಲ ವರ್ಷವೇ ಯಾರೋ ಕೇಳಿದ್ದರು. ಉಜ್ಜಿನಪ್ಪನವರು ಬಾಯಿ ಬಿಡದೆ ಒಮ್ಮೆ ಆಕಾಶದ ಕಡೆ ನೋಡಿದರು. ಅಷ್ಟೇ ಮಾಡಿದ್ದು. ಮಿಕ್ಕದ್ದನ್ನೆಲ್ಲ ಊರವರೇ ಮಾಡಿಕೊಂಡರು. ಅವರಿಗೆ ‘ಮ್ಯಾಲಿಂದ’ ಸುದ್ದಿ ಬರುತ್ತದೆಂದೂ, ಬೆಂಗಳೂರಿನಲ್ಲಿ, ಬಹುಶಃ ಡೆಲ್ಲಿಯಲ್ಲೂ, ಅವರ ಜನ ಇದ್ದಾರೆಂದೂ ತೀರ್ಮಾನವಾಯಿತು. ಕೂಡ್ಲಿಗಿಗೆ ಹೋದವರು ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆ ನೋಡಿ ಬೆರಗಾಗಿ ಬರುತ್ತಿದ್ದರು. “ನಮ್ಮ ಉಜ್ಜಿನಪ್ಪನೋರು ಬರ್ದಿದ್ದನ್ನ ಒಂದಕ್ಷರ ಬಿಡದಂಗ ಪೇಪರ್‌ನ್ಯಾಗ ಹಾಕ್ಯಾರ!” ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಊರಲ್ಲೇ ಮೂಲ ಇರುವಾಗ ನಕಲನ್ನು ತರಿಸುವುದೇಕೆ ಎಂದು ಕರಿಗುಡ್ಡದಹಳ್ಳಿಯಲ್ಲಿ ಯಾರೂ ಪತ್ರಿಕೆ ಹಾಕಿಸಿಕೊಳ್ಳುತ್ತಿರಲಿಲ್ಲ.

ಹಲಗೆಯ ಮೇಲಿನ ನಂಬಿಕೆ ಎಷ್ಟಿತ್ತೆಂದರೆ, ಹಿಂದಿನ ವರ್ಷ ದೇವರ ಮೂರ್ತಿಗಳು ಹಾಲು ಕುಡಿಯುತ್ತಿವೆ ಎಂದು ಅವರು ಬರೆದ ದಿನ ಊರಿನ ಹಾಲೆಲ್ಲ ಬಸವಣ್ಣನ ಪಾಲಾಗಿ, ಹೋಟೆಲಿನ ಗಂಗಪ್ಪ ಊರಿಗೆಲ್ಲ ಕರಿ ಚಹಾ ಕುಡಿಸಿದ್ದ. ಮರುದಿನ ಅದು ದೇವರ ಮಹಿಮೆಯಲ್ಲ, ಕಲ್ಲು ಹಾಲನ್ನು ಎಳೆದುಕೊಳ್ಳುವ ರೀತಿ ಎಂದು ವಿಜ್ಞಾನಿಗಳು ಹೇಳಿದ್ದನ್ನೂ ಬರೆದರು. ಊರವರು ಎರಡನ್ನೂ ಓದಿ, “ಬೋರ್ಡ್ ಮ್ಯಾಲೆ ಬಂದೈತಂದ್ರ ಅದೂ ಖರೇ, ಇದೂ ಖರೇ” ಎಂದು ಒಪ್ಪಿಕೊಂಡರು.

ಇಂಥ ಉಜ್ಜಿನಪ್ಪನವರ ಮಗಳು ಶಾಂಭವಿಗೆ ಅರಸೀಕೆರೆಯಿಂದ ಸಂಬಂಧ ಬಂದಿತ್ತು. ನಮ್ಮ ಹರಪನಹಳ್ಳಿ ತಾಲೂಕಿನ ಅರಸೀಕೆರೆ. ಹುಡುಗ ಕೊಟ್ರೇಶ, ಶಾಲಾ ಮಾಸ್ತರ. ಹುಡುಗಿಗೂ ಟೀಚರ್ ಟ್ರೈನಿಂಗ್ ಆಗಿತ್ತು. ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ಅದಕ್ಕೆ ಮುಂಚೆ ಮೂರು ಸಂಬಂಧಗಳು ಬಂದು ಬಂದು ಮುರಿದಿದ್ದವು. ಮೂರೂ ಸಲ ಊರಿಗೆಲ್ಲ ಹೇಳಿ ಆಮೇಲೆ ಊರಿಗೆಲ್ಲ ಉತ್ತರ ಕೊಡಬೇಕಾಗಿ ಬಂದಿತ್ತು. ಅದಕ್ಕೇ ಉಜ್ಜಿನಪ್ಪನವರ ಹೆಂಡತಿ ಕೊಟ್ರಬಸಮ್ಮ ಕಟ್ಟಪ್ಪಣೆ ಮಾಡಿದ್ದರು.

“ಈ ಸಲ ವೀಳ್ಯ ಆಗೋತನಕ ಒಂದು ನರಪಿಳ್ಳಿಗೂ ಹೇಳಬ್ಯಾಡ್ರಿ. ಬೋರ್ಡ್‌ಗೆ ಬರದ್ಗಿರದೀರಿ, ಕೈ ಮುರೀತೀನಿ.”

ಹುಡುಗನ ತಂದೆ ಗುರುಬಸವರಾಜಪ್ಪ ಮೆಕ್ಕೆಜೋಳದ ದೊಡ್ಡ ವ್ಯಾಪಾರಿ. ಸಂಬಂಧ ಮಾತಾಡಲು ಬಂದ ದಿನವೇ ಅವರು ಸ್ಪಷ್ಟವಾಗಿ ಹೇಳಿದ್ದರು: “ನಿಮ್ಮ ಹೊಲ ಮನೆ ನೋಡಿ ನಾವು ಬಂದಿಲ್ಲ ಬೀಗ್ರೇ. ನೀವು ಬರೆದ್ರೆ ಸುಳ್ಳಿರಲ್ಲ ಅಂತ ನಾಕೂರಾಗೆ ಮಾತೈತೆ. ಅದಕ್ಕೆ ಬಂದಿರಾದು.” ಇದನ್ನು ಕೇಳಿ ಉಜ್ಜಿನಪ್ಪನವರಿಗೆ ಸಂತೋಷವಾಯಿತು, ಆದರೂ ಮೂಲೆಯಲ್ಲಿದ್ದ ತಂಬಿಗೆಯನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿದರು.

ಕಾರ್ತಿಕದ ಒಂದು ಸೋಮವಾರ ಎಲೆ ಅಡಿಕೆ ಕೊಟ್ಟು ಸಂಬಂಧ ನಿಶ್ಚಯಿಸುವ ವೀಳ್ಯಶಾಸ್ತ್ರಕ್ಕೆ ನಿಗದಿಯಾಯಿತು. ಆ ಸೋಮವಾರವೇ ಮೊದಲ ಬಸ್ಸಿಗೆ ಹೊಸ ಕಂಡಕ್ಟರು ಬಂದ.

ಅವನಿಗೆ ತಿರುವೂ ಗೊತ್ತಿರಲಿಲ್ಲ, ತಂಬಿಗೆಯ ಮನುಷ್ಯನೂ ಗೊತ್ತಿರಲಿಲ್ಲ. ಬಸ್ಸು ನಿಧಾನವಾಗದೆ ಮುಂದೆ ಹೋಯಿತು. ಉಜ್ಜಿನಪ್ಪನವರು ಖಾಲಿ ತಂಬಿಗೆ ಎತ್ತಿ ಹಿಡಿದು “ಏ ನಿಲ್ಸಪ್ಪೋ!” ಎಂದು ಅರ್ಧ ಫರ್ಲಾಂಗು ಓಡಿದರು. ಹಿಂದಿನ ಸೀಟಿನವರು ಕಿಟಕಿಯಿಂದ ನೋಡಿ, ಪಾಪ, ಮುದುಕಪ್ಪಗೆ ಭಾಳ ಅವಸರ ಆಗೈತಿ ಎಂದು ಮುಖ ಆ ಕಡೆ ತಿರುಗಿಸಿಕೊಂಡರು.

ಏಳು ಗಂಟೆಗೆ ಹಲಗೆಯ ಮುಂದೆ ಎಂದಿನ ಇಪ್ಪತ್ತು ಇಪ್ಪತ್ತೈದು ಜನ ಸೇರಿದ್ದರು. ಉಜ್ಜಿನಪ್ಪನವರು ಹಲಗೆ ಒರೆಸಿದರು. ಇನ್ನೊಮ್ಮೆ ಒರೆಸಿದರು. ಒರೆಸಲು ಇನ್ನೇನೂ ಉಳಿಯದಿದ್ದಾಗ ಸೀಮೆಸುಣ್ಣ ಹಿಡಿದು ನಿಂತರು. ಬೇರೆ ಯಾರಾದರೂ ಆಗಿದ್ದರೆ ಮಂತ್ರಿಯೊಬ್ಬರ ಕೈಯಲ್ಲಿ ಯಾವುದಾದರೂ ಕಟ್ಟಡ ಉದ್ಘಾಟನೆ ಮಾಡಿಸಿ ಮುಗಿಸುತ್ತಿದ್ದರು. ಅದು ಸುಳ್ಳಾಗುವ ಸಂಭವವೇ ಕಡಿಮೆ. ಆದರೆ ಉಜ್ಜಿನಪ್ಪನವರು ಮೂಲವನ್ನು ಮುಚ್ಚಿಟ್ಟವರೇ ಹೊರತು ಸುಳ್ಳು ಬರೆದವರಲ್ಲ. ಇವೆರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದೆ, ಆ ಕೂದಲೆಳೆಯನ್ನು ಹಿಡಿದುಕೊಂಡೇ ಅವರು ಹನ್ನೊಂದು ವರ್ಷ ಮರ್ಯಾದೆಯಿಂದ ಬಾಳಿದ್ದರು. ಪತ್ರಿಕೆ ಬಂದಿಲ್ಲ ಎಂದು ಬರೆದರೆ ಗುಟ್ಟು ರಟ್ಟಾಗುತ್ತಿತ್ತು. ಕೊನೆಗೆ ದುಂಡಗೆ ಬರೆದರು:

‘ಇಂದು ಯಾವ ಸುದ್ದಿಯೂ ಇಲ್ಲ.’

ಬರೆದು, ಅಭ್ಯಾಸಬಲದಿಂದ ಅದರ ಕೆಳಗೊಂದು ಗೆರೆ ಎಳೆದು, ಯಾರ ಮುಖವನ್ನೂ ನೋಡದೆ ಮನೆಗೆ ಹೊರಟುಹೋದರು. ಮನೆಯಲ್ಲಿ ಕಾಯಿ ತುರಿಯುವ ಕೆಲಸ ಬಾಕಿ ಇತ್ತು.

ಹಲಗೆಯ ಎದುರಿಗೇ ಗಂಗಪ್ಪನ ಹೋಟೆಲು. ಅವನು ಮೆಣಸಿನಕಾಯಿ ಬಜ್ಜಿಗೆ ಹಿಟ್ಟು ಕಲಸುತ್ತಲೇ ಒಳಗಿನಿಂದ ಕೂಗಿದ.

“ಏನ್ ಬರದಾರಲೇ ಇವತ್ತು?”

“ಸುದ್ದಿ ಇಲ್ಲಂತ.”

“ಯಾಕಂತ?”

“ಯಾಕ ಅಂತ ಬರ್ದಿಲ್ಲ.”

“ಕೆಳಗ ಗೀಟು ಎಳದಾರೇನು?”

“ಎಳದಾರ.”

ಗಂಗಪ್ಪ ಸ್ಟೋವ್ ಸಣ್ಣಗೆ ಮಾಡಿ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದ. ಬೆಂಚಿನ ಮೇಲೆ ಅಜ್ಜಯ್ಯ ಕೂತಿದ್ದರು. ಊರಿನಲ್ಲಿ ಯಾವುದನ್ನೂ ನಂಬದಿರುವುದಕ್ಕೆ ಅಜ್ಜಯ್ಯ ಪ್ರಸಿದ್ಧರು. ಚಂದ್ರನ ಮೇಲೆ ಮನುಷ್ಯ ಇಳಿದದ್ದನ್ನು ಅವರು ಇಂದಿಗೂ ಒಪ್ಪಿರಲಿಲ್ಲ. ಅಂಥವರು ಹಲಗೆಯನ್ನು ಮಾತ್ರ ನಂಬುತ್ತಿದ್ದರು ಎಂದರೆ ಹಲಗೆಯ ತೂಕ ತಿಳಿಯಬಹುದು.

“ಎಪ್ಪತ್ತು ಮಳೆಗಾಲ ಕಂಡೀನಿ,” ಎಂದರು ಅಜ್ಜಯ್ಯ. “ಹಗರಿ ಹೊಳಿ ಬತ್ತಿದ್ದು ನೋಡೀನಿ. ಸುದ್ದಿ ಬತ್ತಿದ್ದು ನೋಡಿಲ್ಲ. ಇಷ್ಟು ದೊಡ್ಡ ದೇಶದಾಗ ಒಂದು ಬಸ್ಸನ್ನಾ ಉಳ್ಳಿ ಬಿದ್ದಿರಂಗಿಲ್ಲೇನು? ಒಬ್ಬ ಮಂತ್ರಿನ್ನಾ ಏನಾರ ಅಂದಿರಂಗಿಲ್ಲೇನು?”

“ಹಂಗಾರ ಇವ್ರು ಇಲ್ಲ ಅಂತ ಯಾಕ ಬರದ್ರು?”

“ಬರಿಬ್ಯಾಡ ಅಂತ ಮ್ಯಾಲಿಂದ ಹೇಳ್ಯಾರ. ಅದಕ್ಕ ಗೀಟು.”

ಗಂಗಪ್ಪ ಓಡಿ ರೇಡಿಯೋ ಹಚ್ಚಿದ. ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು. ರೇಡಿಯೋ ಗೊಬ್ಬರದ ಸರಬರಾಜು ಸಮರ್ಪಕವಾಗಿದೆ ಎಂದಿತು, ಎಲ್ಲೋ ಒಂದು ವಿಚಾರ ಸಂಕಿರಣ ನಡೆಯಿತು ಎಂದಿತು, ಒಣಹವೆ ಮುಂದುವರಿಯುತ್ತದೆ ಎಂದಿತು.

“ಕೇಳಿದ್ರೇನು?” ಅಜ್ಜಯ್ಯ ಬೆರಳೆತ್ತಿದರು. “ಎಂಥಾ ಸಪ್ಪನ ಸುದ್ದಿ! ಬೇಕಂತನ ಸಪ್ಪಗ ಹೇಳಾಕ ಹತ್ಯಾರ. ಓದಾಕಿ ದನಿ ನೋಡು, ಹೆಂಗ ನಡುಗ್ತೈತಿ.”

“ಅದು ಸೆಲ್ಲು ಇಳದೈತ್ರಿ,” ಎಂದ ಗಂಗಪ್ಪ. ಆ ಸಮಯದಲ್ಲಿ ಸೆಲ್ಲಿನ ಮಾತು ಯಾರಿಗೂ ಬೇಕಿರಲಿಲ್ಲ.

ತರಕಾರಿ ಬುಟ್ಟಿ ಹೊತ್ತು ಗುಡೇಕೋಟೆಯ ಬಸ್ಸಿಗೆ ಕಾಯುತ್ತಿದ್ದ ಅಂಜಿನಕ್ಕ ಎಲ್ಲವನ್ನೂ ಕೇಳಿಸಿಕೊಂಡು, “ಹಂಗಾರ ಉಪ್ಪು ತಗಂಡಿಟ್ಕಳಾದು ಚಲೋ” ಎಂದಳು. ಯಾಕೆ ಉಪ್ಪು ಎಂದು ಒಬ್ಬರೂ ಕೇಳಲಿಲ್ಲ. ದೊಡ್ಡದೇನಾದರೂ ಆದಾಗ ಮೊದಲು ಉಪ್ಪಿಗೆ ಓಡಬೇಕು ಎಂಬುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಅಂಜಿನಕ್ಕ ಬಸ್ಸು ಹತ್ತಿ ಸುದ್ದಿ ಇಲ್ಲದ ಸುದ್ದಿಯನ್ನು ಗುಡೇಕೋಟೆಗೆ ಒಯ್ದಳು. ಎದುರಿಗೆ ಬಂದ ಬಸ್ಸು ಅದನ್ನು ಕೂಡ್ಲಿಗಿಗೆ ಒಯ್ಯಿತು. ಉಳಿದ ಹೆಂಗಸರು ಚೀಲ ಹಿಡಿದು ಸಂಘದ ಅಂಗಡಿಗೆ ಬಂದರು. ಅಂಗಡಿಗೆ ಬೀಗ ಇತ್ತು. ಬೀಗದ ಕೈ ಉಜ್ಜಿನಪ್ಪನವರ ಉಡಿದಾರದಲ್ಲಿತ್ತು. ಊರು ಸಾಲುಗಟ್ಟಿ ಉಜ್ಜಿನಪ್ಪನವರ ಮನೆಗೆ ಹೊರಟಿತು.

ಉಜ್ಜಿನಪ್ಪನವರು ಕೈತುಂಬ ಕಾಯಿತುರಿ ಅಂಟಿಸಿಕೊಂಡು ಬಾಗಿಲಿಗೆ ಬಂದರು. ಒಳಗಿನಿಂದ ಹೂರಣದ ವಾಸನೆಯೂ ಅವರ ಹಿಂದೆಯೇ ಬಂತು.

“ಖರೇ ಹೇಳ್ರಿ, ಏನಾಗೈತಿ?”

“ಏನೂ ಆಗಿಲ್ರಪ್ಪ. ಅದನ್ನ ಬರದೀನಲ್ಲ.”

“ಹಂಗಾರ ಇಷ್ಟು ದೊಡ್ಡ ಹಂಡೆ ಯಾಕ ಒಲಿ ಮ್ಯಾಲೆ ಐತಿ?”

ಅಜ್ಜಯ್ಯ ಕತ್ತು ಉದ್ದ ಮಾಡಿ ಒಳಗೆ ಇಣುಕಿದರು. ಇಪ್ಪತ್ತು ಜನಕ್ಕಾಗುವಷ್ಟು ಅನ್ನದ ಪಾತ್ರೆ, ಹೊಸ ಜಮಖಾನೆ, ಸುಣ್ಣ ಬಳಿದ ಗೋಡೆ. “ಯಾರೋ ಬರೋರದಾರ,” ಎಂದು ಹಿಂದಿನವರಿಗೆ ಪಿಸುಗುಟ್ಟಿದರು. ಉಜ್ಜಿನಪ್ಪನವರು ಹೆಂಡತಿಯ ಕಡೆ ನೋಡಿದರು. ಕೊಟ್ರಬಸಮ್ಮ ಲಟ್ಟಣಿಗೆ ತೋರಿಸಿದರು.

“ಯಾರೂ ಬರಂಗಿಲ್ಲ,” ಎಂದರು ಉಜ್ಜಿನಪ್ಪನವರು. ಜೀವಮಾನದಲ್ಲಿ ಹೇಳಿದ ಮೊದಲ ನೇರ ಸುಳ್ಳು ಅದಾದ್ದರಿಂದ ಚೆನ್ನಾಗಿ ಹೇಳಲು ಬರಲಿಲ್ಲ. ಕಿವಿ ಕೆಂಪಾದವು.

ಅಷ್ಟು ಸಾಕಾಯಿತು. ಹತ್ತು ಗಂಟೆಯ ಹೊತ್ತಿಗೆ ಮೇಲಿನವರು ಗುಟ್ಟಾಗಿ ಬರುತ್ತಿದ್ದಾರೆ, ಅವರಿಗೆ ಹೋಳಿಗೆ ಊಟ ಎಂಬುದು ಊರಿಗೆಲ್ಲ ಖಚಿತವಾಯಿತು. ಹನ್ನೊಂದಕ್ಕೆ ಸಂಘದ ಉಪ್ಪು ಮುಗಿಯಿತು. ಹನ್ನೊಂದೂವರೆಗೆ ಹೆಡ್‌ಮಾಸ್ತರು, ಮುಂದೆ ಏನಾದರೂ ಆದರೆ ತಾವು ಜವಾಬ್ದಾರರಲ್ಲ ಎಂದು ಹಾಜರಿ ಪುಸ್ತಕದಲ್ಲಿ ಷರಾ ಬರೆದು ಶಾಲೆ ಬಿಟ್ಟರು. ಹನ್ನೆರಡಕ್ಕೆ ಜೀಪು ಬಂತು.

ಜೀಪಿನಲ್ಲಿದ್ದವರು ಹೋಬಳಿಯ ಕಂದಾಯ ನಿರೀಕ್ಷಕ ಗಾದಿಲಿಂಗಪ್ಪ. ಊರೂರಲ್ಲಿ ಉಪ್ಪು ಯಾಕೆ ಸಿಗುತ್ತಿಲ್ಲ ಎಂದು ವಿಚಾರಿಸಿ ಬರಲು ತಾಲೂಕು ಕಚೇರಿಯವರು ಅವರನ್ನು ಕಳಿಸಿದ್ದರು. ಜೀಪು ಕಂಡದ್ದೇ ತಡ, ಅಜ್ಜಯ್ಯ ಕೋಲು ನೆಲಕ್ಕೆ ಕುಟ್ಟಿ, “ನಾ ಹೇಳಿದ್ದೆನೋ ಇಲ್ಲೋ? ಸರಕಾರ ಬಂತು ನೋಡ್ರಿ!” ಎಂದರು. ಗಾದಿಲಿಂಗಪ್ಪ ಗತ್ತಿನಿಂದ ಇಳಿದು, ಉಜ್ಜಿನಪ್ಪನವರನ್ನು ಕರೆಸಿ, ಸಂಘದ ಗೋದಾಮಿನೊಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಯೂರಿಯಾ ಚೀಲಗಳ ನಡುವೆ ನಿಂತ ಕೂಡಲೇ ಗತ್ತು ಇಳಿಯಿತು.

“ಉಜ್ಜಿನಪ್ಪನೋರ, ಜನಕ್ಕ ಹೇಳಬ್ಯಾಡ್ರಿ, ಬಿಡ್ರಿ. ನನಗೊಬ್ಬಗ ಹೇಳ್ರಿ. ಹೊಸ ಜಿಲ್ಲಿ ಆತೇನು?”

“ಯಾವ ಜಿಲ್ಲಿ ಸರ್?”

“ತಾಲೂಕು ಒಡದು ಆ ಕಡಿ ಈ ಕಡಿ ಹಂಚ್ತಾರಂತಲ್ರಿ, ಹಗರಿಬೊಮ್ಮನಹಳ್ಳ್ಯಾಗ ಎಲ್ರೂ ಮಾತಾಡ್ತಾರ. ನಮ್ಮದು ಯಾವ ಕಡಿ ಬಿತ್ತು? ನನ್ನ ಯಾವ ಊರಿಗೆ ಒಗದಾರ? ಮೊನ್ನೆರ ಮನಿ ಕಟ್ಟೀನ್ರಿ.”

“ದೇವರಾಣಿ ನನಗೇನೂ ಗೊತ್ತಿಲ್ಲ ಸರ್.”

ಗಾದಿಲಿಂಗಪ್ಪ ಅವರನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. “ಗೊತ್ತಿಲ್ಲ ಅನ್ನೋದನ್ನ ಇಷ್ಟು ಗಟ್ಟಿಯಾಗಿ ಗೊತ್ತಿರೋರಷ್ಟ ಹೇಳ್ತಾರ,” ಎಂದು ನಿಟ್ಟುಸಿರು ಬಿಟ್ಟು ಹೊರಗೆ ಬಂದರು. ಜನ ಸುತ್ತುಗಟ್ಟಿದರು. ಏನಾದರೂ ಹೇಳಲೇಬೇಕಾಯಿತು. ಕರವಸ್ತ್ರದಿಂದ ಹಣೆ ಒರೆಸಿಕೊಂಡು, “ಯಾರೂ ಗಾಬರಿ ಆಗಬೇಕಾಗಿಲ್ಲ. ಪರಿಸ್ಥಿತಿ ಹತೋಟಿಯಲ್ಲಿದೆ” ಎಂದರು.

ಅಲ್ಲಿಯವರೆಗೆ ಗಾಬರಿಯಾಗದೆ ಉಳಿದಿದ್ದ ನಾಲ್ಕೈದು ಮಂದಿಯೂ ಆಗ ಗಾಬರಿಯಾದರು.

ಗಾದಿಲಿಂಗಪ್ಪ ಕೂಡಲೇ ಹೋಗಲಿಲ್ಲ. ಮೇಲಿನವರು ಬರುತ್ತಾರೆಂಬುದು ಅವರ ಕಿವಿಗೂ ಬಿದ್ದಿತ್ತು. ಬಂದರೆ ಒಂದು ನಮಸ್ಕಾರ ಮಾಡಿ, ವರ್ಗಾವಣೆಯ ವಿಷಯ ಕಿವಿಗೆ ಹಾಕಬಹುದು ಎಂದು ಗಂಗಪ್ಪನ ಬೆಂಚಿನ ಮೇಲೆ ಕೂತರು.

ಎರಡು ಗಂಟೆಗೆ ಅರಸೀಕೆರೆಯ ಟೆಂಪೋ ಬಂತು. ಗಾದಿಲಿಂಗಪ್ಪ ಧಡಕ್ಕನೆ ಎದ್ದು ಸಲಾಮು ಹೊಡೆದರು. ಟೆಂಪೋದಿಂದ ಇಳಿದ ಗುರುಬಸವರಾಜಪ್ಪ, ತಮ್ಮ ಮೆಕ್ಕೆಜೋಳಕ್ಕೆ ಸರಕಾರ ಯಾಕೆ ಸಲಾಮು ಹೊಡೆಯುತ್ತಿದೆ ಎಂದು ತಿಳಿಯದೆ ಗಾಬರಿಯಾಗಿ ತಾವೂ ತಿರುಗಿ ಸಲಾಮು ಹೊಡೆದರು. ಅವರ ಹಿಂದೆ ಹದಿನೈದು ಜನ, ತಟ್ಟೆಗಳು, ಹೂವು, ಬಗ್ಗಿಸಿದ ತಲೆಯ ಕೊಟ್ರೇಶ. ಊರು ನೋಡುತ್ತ ನಿಂತಿತು. ಡೆಲ್ಲಿಯವರು ಬರುತ್ತಾರೆಂದು ಕಾದವರಿಗೆ ಹೂವಿನ ತಟ್ಟೆ ಅರ್ಥವಾಗಲಿಲ್ಲ.

ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಎಲೆ ಅಡಿಕೆ ಕೊಳ್ಳಲು ನಿಂತಾಗಲೇ ಗುರುಬಸವರಾಜಪ್ಪನವರಿಗೆ ಸುದ್ದಿ ಮುಟ್ಟಿತ್ತು. ಅಷ್ಟು ಹೊತ್ತಿಗೆ ಅದು ಬೆಳೆದು ದೊಡ್ಡದಾಗಿತ್ತು. ಕರಿಗುಡ್ಡದಹಳ್ಳಿಯಲ್ಲಿ ಒಬ್ಬರಿಗೆ ಎಲ್ಲವೂ ಗೊತ್ತಾಗಿದೆ, ಬಾಯಿ ಬಿಡಬೇಡ ಎಂದು ಅಪ್ಪಣೆಯಾಗಿದೆ, ಉಪ್ಪು ಆಯಿತು, ಮುಂದೆ ಕಾಳುಕಡಿ. ಕಾಳುಕಡಿ ಎಂದ ಕೂಡಲೇ ಅವರಿಗೆ ತಮ್ಮ ಮೆಕ್ಕೆಜೋಳದ ಚಿಂತೆ ಹತ್ತಿತ್ತು. ಜಮಖಾನೆಯ ಮೇಲೆ ಕೂತರು, ಮುಂದಿಟ್ಟ ನೀರು ಬೆಲ್ಲ ಮುಟ್ಟಲಿಲ್ಲ.

“ಬೀಗ್ರೇ, ಮೊದ್ಲು ಸುದ್ದಿ ಹೇಳ್ರಿ. ಆಮ್ಯಾಲೆ ವೀಳ್ಯ.”

“ಸುದ್ದಿ ಇಲ್ರಿ ಬೀಗ್ರ.”

“ಊರಿಗೆ ಹೇಳಬ್ಯಾಡ್ರಿ. ಮಗಳನ್ನ ಕೊಡಾ ಮನೆಗೂ ಹೇಳಲ್ಲ ಅಂದ್ರೆ ಏನರ್ಥ? ನಮ್ಮನ್ನ ಏನಂತ ತಿಳಕಂಡೀರಿ?”

ಬಾಗಿಲಲ್ಲಿ, ಕಿಟಕಿಯಲ್ಲಿ, ಎದುರು ಮನೆಯ ಮಾಳಿಗೆಯ ಮೇಲೆ ಊರು ತುಂಬಿತ್ತು. ಒಳಕೋಣೆಯ ಬಾಗಿಲಿಗೆ ಒರಗಿ ಹೊಸ ಸೀರೆಯಲ್ಲಿ ಶಾಂಭವಿ ನಿಂತಿದ್ದಳು. ಉಜ್ಜಿನಪ್ಪನವರು ಆ ಕಡೆ ನೋಡಿದರು. ಮೆಕ್ಕೆಜೋಳದ ಧಾರಣೆ ಏರುತ್ತದೆಯಂತೆ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಗುರುಬಸವರಾಜಪ್ಪ ಅವರನ್ನು ತಬ್ಬಿಕೊಂಡು ವೀಳ್ಯ ಕೊಡುತ್ತಿದ್ದರು. ಉಜ್ಜಿನಪ್ಪನವರ ಬಾಯಿ ಅದಕ್ಕಾಗಿ ತೆರೆಯಿತು ಕೂಡ. ತೆರೆದ ಬಾಯಿಂದ ಬೇರೆಯೇ ಮಾತು ಬಂತು.

“ನನಗ ಯಾವ ಮ್ಯಾಲಿಂದಾನೂ ಸುದ್ದಿ ಬರಂಗಿಲ್ರಿ. ಬಸ್ಸಿನ್ಯಾಗ ಪೇಪರ್ ಬರತೈತಿ. ಅದನ್ನ ನೋಡಿ ಬರೀತೀನಿ. ಹನ್ನೊಂದು ವರ್ಷ ಅಷ್ಟ ಮಾಡೀನಿ. ಇವತ್ತು ಪೇಪರ್ ಬರ್ಲಿಲ್ಲ, ಅದಕ್ಕ ಸುದ್ದಿ ಇಲ್ಲ. ನಾನೇನೂ ದೊಡ್ಡ ಮನುಷ್ಯ ಅಲ್ರಿ.”

ಇಷ್ಟು ಹೇಳಿ ಉಜ್ಜಿನಪ್ಪನವರು ಕುಗ್ಗಿ ಹೋಗಿದ್ದರು. ಕೊಟ್ರಬಸಮ್ಮನಿಗೆ ಗಂಡನ ಆ ಮುಖ ನೋಡಲಾಗಲಿಲ್ಲ. ಅಡಿಗೆಮನೆಯ ಮೂಲೆಯಲ್ಲಿದ್ದ ಜೋಳದ ಬಿದಿರಿನ ಕಣಜವನ್ನು ದರದರ ಎಳೆದು ತಂದು ಜಮಖಾನೆಯ ಮುಂದೆ ಬೋರಲು ಹಾಕಿದರು. ಜೋಳ ಬೀಳಲಿಲ್ಲ. ಪತ್ರಿಕೆಗಳು ಬಿದ್ದವು. ವರ್ಷವಾರು ಸುತಳಿ ಕಟ್ಟಿದ ಕಟ್ಟುಗಳು ಒಂದರ ಮೇಲೊಂದು ಬೀಗರ ಮೊಣಕಾಲ ತನಕ ಉರುಳಿದವು.

“ನೋಡ್ಕಳ್ರಿ. ಹನ್ನೊಂದು ವರ್ಷ ಇವನ್ನ ಬಚ್ಚಿಟ್ಟು ಬಚ್ಚಿಟ್ಟು ನನ್ನ ಸೊಂಟ ಬಿದ್ದೈತಿ!”

ಅಜ್ಜಯ್ಯ ಜನರನ್ನು ಸರಿಸಿಕೊಂಡು ಒಳಗೆ ಬಂದರು. ಒಂದು ಕಟ್ಟು ಬಿಚ್ಚಿದರು. ಪತ್ರಿಕೆಯಲ್ಲಿ ಅಲ್ಲಲ್ಲಿ ಸಾಲುಗಳ ಕೆಳಗೆ ಕೆಂಪು ಪೆನ್ಸಿಲಿನ ಗೆರೆ, ಬದಿಗೆ ಸರಿ ಗುರುತು. ಬೆಳಿಗ್ಗೆ ಹಲಗೆಗೆ ಯಾವುದನ್ನು ಹಾಕಬೇಕೆಂದು ಉಜ್ಜಿನಪ್ಪನವರು ಮಾಡಿಕೊಂಡದ್ದು. ಅಜ್ಜಯ್ಯ ಆ ಗುರುತುಗಳನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು.

“ಏ, ಬರ್ರಿ ಇಲ್ಲಿ ನೋಡ್ರಿ. ತಾವು ಬರದದ್ದನ್ನ ಪೇಪರ್‌ನೋರು ಸರಿಯಾಗಿ ಹಾಕ್ಯಾರೋ ಇಲ್ಲೋ ಅಂತ ಹನ್ನೊಂದು ವರ್ಷ ದಿನಾ ತಪಾಸ ಮಾಡ್ಯಾರ! ಸರಿ ಹಾಕಿದ್ದಕ್ಕ ರೈಟ್ ಹಾಕ್ಯಾರ ನೋಡ್ರಿ, ಮಾಸ್ತರ ಹಾಕಿದಂಗ!”

ಊರು ಒಂದೇ ಉಸಿರಿಗೆ ಹೌದೆಂದಿತು. ಗಾದಿಲಿಂಗಪ್ಪ ಎರಡು ಕೈ ಜೋಡಿಸಿದರು. ಉಜ್ಜಿನಪ್ಪನವರು “ಅಲ್ರಪ್ಪಾ, ಅಲ್ಲ!” ಎಂದು ಕೂಗಿದ್ದು, ಎಂಥಾ ವಿನಯದ ಮನುಷ್ಯ ಎಂಬ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಸುಳ್ಳಿನ ಮೇಲೆ ಹನ್ನೊಂದು ವರ್ಷ ಕೂತ ನಂಬಿಕೆ, ನಿಜ ಬಂದು ಏಳು ಎಂದರೆ ಏಳುವುದಿಲ್ಲ.

ಆದರೆ ಇದರಿಂದ ಗುರುಬಸವರಾಜಪ್ಪನವರ ಸಿಟ್ಟು ಇಮ್ಮಡಿಯಾಯಿತು. ಪತ್ರಿಕೆಯವರನ್ನೇ ತಿದ್ದುವಂಥ ಮನುಷ್ಯ, ತನಗೆ ಮಾತ್ರ ಒಂದು ಮಾತು ಹೇಳಲೊಲ್ಲ! ಹೆಗಲ ಮೇಲಿನ ಟವೆಲು ಕೊಡವಿ ಎದ್ದು ನಿಂತರು.

“ನಡೀರಪ್ಪ. ಗುಟ್ಟು ಮಾಡಾ ಮನೆ ನಮಗೆ ಬ್ಯಾಡ.”

ಹದಿನೈದು ಜನವೂ ಎದ್ದರು. ತಟ್ಟೆಗಳು ಎದ್ದವು. ಕೊಟ್ರೇಶ ಮಾತ್ರ ತಲೆ ಬಗ್ಗಿಸಿ ಕೂತೇ ಇದ್ದ. ಉಜ್ಜಿನಪ್ಪನವರು ಚೆಲ್ಲಿದ ಪತ್ರಿಕೆಗಳ ನಡುವೆ ಕೂತುಬಿಟ್ಟರು. ನಾಲ್ಕನೆಯ ಸಲ. ಈ ಸಲ ತಪ್ಪು ಪೂರ್ತಿ ತಮ್ಮದೇ ಎಂದು ಅವರಿಗೆ ಅನಿಸಿತು.

ಆಗ ಶಾಂಭವಿ ಹೊರಗೆ ಬಂದಳು. ನೇರವಾಗಿ ಹೊಸ್ತಿಲಿಗೆ ಹೋಗಿ ಗುರುಬಸವರಾಜಪ್ಪನವರ ಎದುರು ನಿಂತಳು.

“ಯಜಮಾನ್ರ, ಒಂದು ಮಾತು ಕೇಳಿ ಹೋಗ್ರಿ. ಬೆಳಿಗ್ಗಿ ನಮ್ಮೂರಾಗ ಸುದ್ದಿ ಇರ್ಲಿಲ್ಲ, ಖರೇ. ನೀವಿನ್ನೂ ಬಂದಿರ್ಲಿಲ್ಲಲ್ರಿ. ಈಗ ಬಂದೀರಿ. ನೀವು ವೀಳ್ಯ ಕ್ವಟ್ರ ಅದು ಸುದ್ದಿ. ಎದ್ದು ಹ್ವಾದ್ರ ಅದೂ ಸುದ್ದಿ. ಎರಡ್ರಾಗ ಯಾವುದನ್ನ ಬರೀಬೇಕಂತ ಹೇಳಿ ಹೋಗ್ರಿ. ನಮ್ಮಪ್ಪಗ ಸುಳ್ಳು ಬರಿಯಾಕ ಬರಂಗಿಲ್ಲ.”

ಗುರುಬಸವರಾಜಪ್ಪನವರ ಒಂದು ಕಾಲು ಹೊಸ್ತಿಲ ಹೊರಗಿತ್ತು. ಅದು ಅಲ್ಲೇ ನಿಂತಿತು.

“ಇಲ್ಲಿ ಬರೆದಿದ್ದು,” ಎಂದರು ಮೆಲ್ಲಗೆ, ಅಜ್ಜಯ್ಯನ ಕಡೆ ತಿರುಗಿ, “ನಾಳೆ ಪೇಪರ್‌ನಾಗೂ ಬರ್ತತಾ?”

“ಒಂದಕ್ಷರ ಬಿಡದಂಗ!” ಎಂದರು ಅಜ್ಜಯ್ಯ. “ನಿಮ್ಮ ಕಣ್ಮುಂದನ ರಾಶಿ ಬಿದ್ದೈತಲ್ರಿ ಸಾಕ್ಷಿ.”

ಅರಸೀಕೆರೆಯ ವ್ಯಾಪಾರಿ ವೀಳ್ಯದ ತಟ್ಟೆ ಹಿಡಿದು ಬಂದು, ಹುಡುಗಿಯ ಮನೆಯಿಂದ ಊಟವಿಲ್ಲದೆ ಎದ್ದು ಹೋದ ಎಂಬುದು ಬಳ್ಳಾರಿ ಜಿಲ್ಲೆಯಾದ್ಯಂತ ಅಚ್ಚಾಗುವುದನ್ನು ಗುರುಬಸವರಾಜಪ್ಪ ಒಂದು ಗಳಿಗೆ ಕಣ್ಣ ಮುಂದೆ ತಂದುಕೊಂಡರು. ಹೊರಗಿನ ಕಾಲು ಒಳಗೆ ಬಂತು. ಟವೆಲು ಹೆಗಲಿಗೆ ಹೋಯಿತು. ತಗ್ಗಿದ ದನಿಯಲ್ಲಿ ಕೇಳಿದರು:

“ವೀಳ್ಯ ಕೊಟ್ರೆ, ನನ್ನ ಹೆಸರು ಹಾಕ್ತೀರಾ ಬೀಗ್ರೇ?”

“ಹಾಕ್ತೀನ್ರಿ.”

“ಪ್ರಖ್ಯಾತ ವ್ಯಾಪಾರಿ ಅಂತ?”

ಉಜ್ಜಿನಪ್ಪನವರು ಪತ್ರಿಕೆಗಳ ನಡುವೆಯೇ ಯೋಚಿಸಿದರು. ಮನಸ್ಸು ಎಷ್ಟು ಬೇಡಿಕೊಂಡರೂ ಕೈ ಒಪ್ಪುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

“ಪ್ರಖ್ಯಾತ ಅಂತ ಹಾಕಾಕ ಬರಂಗಿಲ್ರಿ. ಮೆಕ್ಕೆಜೋಳದ ವ್ಯಾಪಾರಿ ಅಂತ ಹಾಕ್ತೀನಿ.”

ಕೊಟ್ರಬಸಮ್ಮ ಹಣೆ ಹಣೆ ಚಚ್ಚಿಕೊಂಡರು. ಆದರೆ ಗುರುಬಸವರಾಜಪ್ಪ ಮುಖ ಅರಳಿಸಿ ಗಟ್ಟಿಯಾಗಿ ನಕ್ಕುಬಿಟ್ಟರು. “ಆತು ಬಿಡ್ರಿ. ಇಂಥಾ ಹೊತ್ತಿನಾಗೂ ಒಂದು ಸುಳ್ಳು ಹಾಕಾಕೆ ಒಪ್ಲಿಲ್ಲ ನೋಡು ಮಹರಾಯ! ನಾನು ಹುಡುಕ್ತಿದ್ದ ಮನೆ ಇದೇನೇ. ತಾಂಬ್ರಪ್ಪ ತಟ್ಟೆ.” ಕೊಟ್ರೇಶ ಆಗ ತಲೆಯೆತ್ತಿ ಅವತ್ತು ಮೊದಲ ಸಲ ಶಾಂಭವಿಯನ್ನು ನೋಡಿದ. ಅವಳು ಅದಕ್ಕೂ ಮೊದಲೇ ಅವನನ್ನು ನೋಡುತ್ತಿದ್ದಳು.

ಊರಿನ ಎದುರಿಗೇ ವೀಳ್ಯಶಾಸ್ತ್ರ ಆಯಿತು. ಬಾಗಿಲಲ್ಲಿ, ಕಿಟಕಿಯಲ್ಲಿ, ಮಾಳಿಗೆಯ ಮೇಲೆ ನಿಂತವರಿಗೆಲ್ಲ ಸಕ್ಕರೆ ಹಂಚಿದರು. ಗಾದಿಲಿಂಗಪ್ಪ ಎರಡು ಸಲ ತೆಗೆದುಕೊಂಡರು. ಕೊಟ್ರಬಸಮ್ಮ ಎಲೆ ಹಾಕಿ ಊಟಕ್ಕೆ ಕರೆದರು. ಗುರುಬಸವರಾಜಪ್ಪ ಮಾತ್ರ ಏಳಲಿಲ್ಲ. ಬೋರ್ಡಿನ ಮೇಲೆ ಬರುವ ತನಕ ತಾವು ಊಟಕ್ಕೆ ಕೂಡ್ರುವುದಿಲ್ಲ ಎಂದರು.

ಉಜ್ಜಿನಪ್ಪನವರು ಹೋಗಿ ಹಲಗೆ ಒರೆಸಿದರು. ಬೆಳಗಿನ ಗೆರೆಯೂ ಅಳಿಸಿಹೋಯಿತು. ಕರಿಗುಡ್ಡದಹಳ್ಳಿಯ ಕು. ಶಾಂಭವಿಗೂ, ಅರಸೀಕೆರೆಯ ಮೆಕ್ಕೆಜೋಳದ ವ್ಯಾಪಾರಿ ಗುರುಬಸವರಾಜಪ್ಪನವರ ಮಗ ಚಿ. ಕೊಟ್ರೇಶನಿಗೂ ಇಂದು ಮಧ್ಯಾಹ್ನ ನಿಶ್ಚಯವಾಯಿತು ಎಂದು ಬರೆದರು. ಯಾವ ಪತ್ರಿಕೆಯನ್ನೂ ನೋಡದೆ, ತಾವೇ ಕಣ್ಣಾರೆ ಕಂಡು ಬರೆದ ಮೊದಲ ಸುದ್ದಿ ಅದು. ಮಗಳ ಹೆಸರನ್ನು ಮಾತ್ರ ಒಮ್ಮೆ ಒರೆಸಿ ಮತ್ತೆ ದುಂಡಗೆ ಬರೆದರು. ಸೀಮೆಸುಣ್ಣದ ಪುಡಿ ಕಣ್ಣಿಗೆ ಬಿತ್ತು ಎಂದು ಯಾರೂ ಕೇಳದಿದ್ದರೂ ಹೇಳಿ ಕಣ್ಣೊರೆಸಿಕೊಂಡರು.

ಈಗಷ್ಟೇ ಬಾಗಿಲಲ್ಲಿ ನಿಂತು ವೀಳ್ಯ ನೋಡಿದ ಜನ, ಬಾಯಿಯ ಸಕ್ಕರೆ ಇನ್ನೂ ಕರಗಿರದ ಜನ, ಒಬ್ಬರನ್ನೊಬ್ಬರು ತಳ್ಳಿಕೊಂಡು ಹಲಗೆಯ ಮುಂದೆ ಮುತ್ತಿದರು. ಅಜ್ಜಯ್ಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಓದಿದರು. “ಏ, ನಿಶ್ಚಯ ಆತಂತಲೇ!” ಎಂದು ಹಿಂದಿನವರು ಅವರ ಹಿಂದಿನವರಿಗೆ ಮುಟ್ಟಿಸಿದರು. ಗಂಗಪ್ಪ ಹೋಟೆಲಿನಿಂದ ಓಡಿ ಬಂದು, ಖರೇನಾ ಎಂದು ತಾನೂ ಒಂದು ಸಲ ಓದಿ ಹೋದ.

ಕೊನೆಗೆ ಗುರುಬಸವರಾಜಪ್ಪ ಕನ್ನಡಕ ಹಾಕಿಕೊಂಡು ಬಂದರು. ಬೆರಳಿಟ್ಟು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದರು. ತಮ್ಮ ಹೆಸರಿನ ಹತ್ತಿರ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕನ್ನಡಕ ತೆಗೆದು ಜೇಬಿಗಿಟ್ಟು, ಕೂಡ್ಲಿಗಿಯಿಂದ ಬಿಗಿಹಿಡಿದಿದ್ದ ಉಸಿರನ್ನು ಪೂರ್ತಿ ಬಿಟ್ಟರು.

“ಆತಪ್ಪ. ಈಗ ಆತು ನೋಡು,” ಎಂದರು. “ಇನ್ನ ಬಡಸ್ರಿ.”